ಪೊರಕೆಗೆ ಸಿಗದ ಧೂಳು

ನೀನು ವಾಟ್ಸಾಪಿನಲ್ಲಿ ಕಳಿಸಿದ ಏಳು ಫೋಟೊಗಳನ್ನೂ ನೋಡಿದೆ. ಕಾರನ್ನು ಬೀದಿಗೆ ತಳ್ಳಿ ಶೆಡ್ಡನ್ನು ಮರಗೆಲಸದ ಕೋಣೆ ಮಾಡಿಕೊಂಡಿದ್ದೀಯ. ಕಟಿಂಗ್ ಮಷಿನ್ನು, ಟ್ರಿಮ್ಮರ್, ಸ್ಯಾಂಡರ್, ಗೋಡೆಗೆ ಸಾಲಾಗಿ ಕ್ಲಾಂಪುಗಳು. ನಿನ್ನಜ್ಜನ ಉಳಿಗಳಿಗೂ ಒಂದು ಹಲಗೆ ಹೊಡೆದಿದ್ದು ಕಂಡು ಸಂತೋಷವಾಯಿತು. ಆದರೆ ನಾನು ಹೆಚ್ಚು ಹೊತ್ತು ನೋಡಿದ್ದು ಐದನೆಯ ಫೋಟೊ. ಅದರ ಮೂಲೆಯಲ್ಲಿ ನಿನ್ನ ಹೆಂಡತಿಯ ಸ್ಕೂಟರ್ ನಿಂತಿದೆ. ಸೀಟಿನ ಮೇಲೆ ಯಾರೋ, ಪುಟ್ಟಿಯೇ ಇರಬೇಕು, ಬೆರಳಲ್ಲಿ ಒಂದು ಬೆಕ್ಕು ಬರೆದಿದ್ದಾಳೆ. ಮೀಸೆಯ ಒಂದೊಂದು ಗೆರೆಯೂ ಎದ್ದು ಕಾಣುವಷ್ಟು ಧೂಳು.

ಮುಂದೆ ಪ್ಲೇನರ್ ತಗೊಳ್ಳಲೋ ಬ್ಯಾಂಡ್ ಸಾ ತಗೊಳ್ಳಲೋ ಎಂದು ಕೇಳಿದ್ದೀಯ. ಎರಡೂ ಬೇಡ. ಆ ದುಡ್ಡು ಧೂಳು ಎಳೆಯುವುದಕ್ಕೆ ಹೋಗಲಿ. ಮುದುಕನ ಭಯ ಅಂತ ನಗಬೇಡ, ಪೂರ್ತಿ ಓದಿ ಆಮೇಲೆ ನಗು.

ಸಾಗರದ ನಮ್ಮ ಹೆಂಚಿನ ಕೊಟ್ಟಿಗೆಯಲ್ಲಿ ನಿನ್ನಜ್ಜ ಕೆಲಸ ಮಾಡುತ್ತಿದ್ದಾಗ ಅಲ್ಲಿ ಮಷಿನ್ ಎಂಬುದೇ ಇರಲಿಲ್ಲ. ಹತ್ತರಿ ಹೊಡೆದರೆ ತೆಳು ಸುರುಳಿಗಳು ಬೀಳುತ್ತಿದ್ದವು, ಅವನ್ನು ಬಾಚಿ ಬಚ್ಚಲೊಲೆಗೆ ಹಾಕುತ್ತಿದ್ದೆವು. ಧೂಳು ಏಳುತ್ತಿದ್ದುದು ಕಡೆಗೆ ಉಪ್ಪುಕಾಗದ ತಿಕ್ಕುವಾಗ ಮಾತ್ರ. ಮಾಡಿನಲ್ಲಿ ಒಂದು ಗಾಜಿನ ಹೆಂಚು ಇತ್ತು. ಹತ್ತು ಗಂಟೆಯ ಬಿಸಿಲು ಅದರಿಂದ ಕೋಲಿನ ಹಾಗೆ ಇಳಿದು ಬಂದರೆ ಅದರೊಳಗೆ ಕಣಗಳು ಕುಣಿಯುತ್ತಿದ್ದವು. ನಾವು ಮಕ್ಕಳು ಕೈಯಿಟ್ಟು ಹಿಡಿಯಲು ನೋಡುತ್ತಿದ್ದೆವು. ಅಂಥ ಚಂದದ ವಸ್ತುವಿನ ಮೇಲೆ ಯಾರಿಗೆ ಅನುಮಾನ ಬರುತ್ತದೆ ಹೇಳು.

ಆಮೇಲೆ ಮಷಿನ್ ತಂದವನು ನಾನು. ಮುಖಕ್ಕೆ ಒಂದು ಟವೆಲ್ ಸುತ್ತಿಕೊಂಡು ಮೂವತ್ತೆಂಟು ವರ್ಷ ದುಡಿದೆ. ಈಗ ಹನ್ನೊಂದು ವರ್ಷದಿಂದ ನನ್ನ ಮೂಗಿಗೆ ವಾಸನೆ ತಿಳಿಯುವುದಿಲ್ಲ. ಒಂದೇ ದಿನ ಹೋದದ್ದಲ್ಲ. ಮೊದಲು ಬೇವು ಯಾವುದು ನಂದಿ ಯಾವುದು ಎಂದು ಗೊಂದಲವಾಗತೊಡಗಿತು, ಆಮೇಲೆ ಕಾಫಿ ಬರೀ ಬಿಸಿನೀರಾಯಿತು. ಡಾಕ್ಟರು ಧೂಳೇ ಕಾರಣ ಎಂದು ಬರೆದುಕೊಡಲಿಲ್ಲ. ವಯಸ್ಸು, ಹಳೆಯ ನೆಗಡಿ, ಪಾಲಿಶ್ ಎಲ್ಲ ಸೇರಿರಬಹುದು ಅಂದರು. ಎಷ್ಟು ವರ್ಷ ಮಷಿನ್ ಕೆಲಸ ಎಂದು ಮಾತ್ರ ಎರಡು ಸಲ ಕೇಳಿದರು.

ನೀನು ದಿನಾ ಸಂಜೆ ಶೆಡ್ ಗುಡಿಸುತ್ತೇನೆ ಎಂದು ಹೆಮ್ಮೆಯಿಂದ ಬರೆದಿದ್ದೀಯ. ಪೊರಕೆಗೆ ಸಿಗುವ ಹೊಟ್ಟು ನಿನಗೆ ಅಷ್ಟೇನೂ ತೊಂದರೆ ಕೊಡುವುದಿಲ್ಲ, ಅದು ಭಾರವಾಗಿದ್ದು ನೆಲಕ್ಕೆ ಬೀಳುತ್ತದೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಹತ್ತು ಮೈಕ್ರಾನಿಗಿಂತ ದೊಡ್ಡ ಕಣವನ್ನು ಮೂಗು, ಗಂಟಲು ಬಹುಮಟ್ಟಿಗೆ ತಡೆದುಕೊಳ್ಳುತ್ತವೆ. ಸೀನು, ಕಫ, ಕೆಮ್ಮು ಎಲ್ಲ ಆ ಕಾವಲುಗಾರರೇ. ಐದಕ್ಕಿಂತ ಸಣ್ಣದು ಈ ಕಾವಲನ್ನು ದಾಟಿ ಶ್ವಾಸಕೋಶದ ತುದಿಯ ಚೀಲಗಳವರೆಗೆ ಹೋಗುತ್ತದೆ. ಅಷ್ಟು ಹಗುರದ್ದು ಕೆಳಗೆ ಇಳಿಯಲು ಗಂಟೆಗಟ್ಟಲೆ ಬೇಕು. ನೀನು ಕೆಲಸ ಮುಗಿಸಿ, ಮಾಸ್ಕ್ ತೆಗೆದು, ಕೂತು ಟೀ ಕುಡಿಯುತ್ತೀಯಲ್ಲ, ಆಗ ಅದು ಇನ್ನೂ ನಿನ್ನ ಮೂಗಿನ ಮಟ್ಟದಲ್ಲೇ ತೇಲುತ್ತಿರುತ್ತದೆ. ಪೊರಕೆ ಹಿಡಿದರೆ ಇಳಿದದ್ದೂ ಮತ್ತೆ ಏಳುತ್ತದೆ.

ಒಂದು ಲೆಕ್ಕ ಹೇಳುತ್ತೇನೆ. ಯುರೋಪಿನ ಒಕ್ಕೂಟದವರು ಗಟ್ಟಿ ಮರದ ಧೂಳಿಗೆ ಒಂದು ಮಿತಿ ಇಟ್ಟಿದ್ದಾರೆ. ಎಂಟು ಗಂಟೆಯ ಸರಾಸರಿಯಲ್ಲಿ ಒಂದು ಘನ ಮೀಟರ್ ಗಾಳಿಗೆ 2 ಮಿಲಿಗ್ರಾಂ, 2023ರ ಜನವರಿಯಿಂದ. ನಿನ್ನ ಶೆಡ್ಡು ಹತ್ತಡಿ ಅಗಲ, ಹದಿನೆಂಟಡಿ ಉದ್ದ, ಹತ್ತಡಿ ಎತ್ತರ ಅಂದರೆ ಸುಮಾರು 51 ಘನ ಮೀಟರ್ ಗಾಳಿ. ಇಡೀ ಶೆಡ್ಡಿನಲ್ಲಿ ಒಂದು ಗ್ರಾಮಿನ ಹತ್ತನೆಯ ಒಂದು ಪಾಲು ಧೂಳು ತೇಲಿದರೆ ಸಾಕು, ಮಿತಿ ಮುಟ್ಟಿತು. ಸಾರಿಗೆ ಹಾಕುವ ಒಂದು ಚಿಟಿಕೆ ಉಪ್ಪೂ ಅದಕ್ಕಿಂತ ಹೆಚ್ಚು ತೂಗುತ್ತದೆ. ಇನ್ನು ಒಂದಿಂಚು ದಪ್ಪದ ಆರಡಿ ತೇಗದ ಹಲಗೆಯನ್ನು ಉದ್ದಕ್ಕೆ ಒಂದು ಸಲ ಸೀಳಿದರೆ ಎರಡೂವರೆ ಮಿಲಿಮೀಟರ್ ಬ್ಲೇಡು ಸುಮಾರು 70 ಗ್ರಾಂ ಮರವನ್ನು ಪುಡಿ ಮಾಡುತ್ತದೆ. ಅದರಲ್ಲಿ ಹೆಚ್ಚಿನದು ಕೆಳಗೆ ಬೀಳುತ್ತದೆ, ನಿಜ. ಆದರೆ ಏಳುನೂರರಲ್ಲಿ ಒಂದು ಪಾಲು ತೇಲಿದರೂ ಮಿತಿ ಮುಗಿದೇಹೋಯಿತಲ್ಲ.

ಇಂಗ್ಲೆಂಡಿನಲ್ಲಿ ಹೈ ವಿಕಂ ಎಂಬ ಊರಿದೆ, ಕುರ್ಚಿ ಮಾಡುವುದಕ್ಕೇ ಹೆಸರಾದ ಊರು. 1960ರ ದಶಕದಲ್ಲಿ ಅಲ್ಲಿ ಎಸ್ಮೆ ಹ್ಯಾಡ್‌ಫೀಲ್ಡ್ ಎಂಬ ಕಿವಿ-ಮೂಗು-ಗಂಟಲಿನ ಸರ್ಜನ್ ಇದ್ದರು. ಬಹಳ ಅಪರೂಪದ ಒಂದು ಜಾತಿಯ ಮೂಗಿನ ಕ್ಯಾನ್ಸರ್ ತಮ್ಮಲ್ಲಿಗೆ ಬರುವ ಪೀಠೋಪಕರಣದ ಕೆಲಸಗಾರರಲ್ಲೇ ಮತ್ತೆ ಮತ್ತೆ ಕಾಣುವುದನ್ನು ಅವರು ಗಮನಿಸಿದರು. ಅವರೂ ಆಚೆಸನ್ ಎಂಬ ವೈದ್ಯರೂ ಇತರರೂ ಸೇರಿ 1968ರಲ್ಲಿ ಅದನ್ನು ಬ್ರಿಟಿಷ್ ಮೆಡಿಕಲ್ ಜರ್ನಲಿನಲ್ಲಿ ಪ್ರಕಟಿಸಿದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿ ಮರದ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಒಂದನೆಯ ಗುಂಪಿಗೆ ಸೇರಿಸಿತು. ಬೀಡಿ-ಸಿಗರೇಟಿನ ಹೊಗೆ ಇರುವುದೂ ಅದೇ ಗುಂಪಿನಲ್ಲಿ. ವಾರಕ್ಕೆ ಆರು ಗಂಟೆ ಕೆಲಸ ಮಾಡುವ ನಿನಗೂ ಹಾಗೆ ಆಗುತ್ತದೆ ಎಂದು ನಾನು ಹೆದರಿಸುತ್ತಿಲ್ಲ ಮಾರಾಯ. ಆ ಕೆಲಸಗಾರರು ಜೀವಮಾನವಿಡೀ ಧೂಳಿನಲ್ಲೇ ಇದ್ದವರು. ಆದರೆ ಫ್ಯಾಕ್ಟರಿಗೆ ಕಾಯಿದೆ ಇದೆ, ತಪಾಸಣೆಗೆ ಬರುವವರಿದ್ದಾರೆ. ನಿನ್ನ ಶೆಡ್ಡಿಗೆ ಯಾರೂ ಬರುವುದಿಲ್ಲ, ಅದರ ಬಾಗಿಲು ಅಡುಗೆಮನೆಗೆ ತೆರೆಯುತ್ತದೆ.

ಯಾವ ಮರ ಏನು ಮಾಡುತ್ತದೆ ಎನ್ನುವುದು ಮೈಯಿಂದ ಮೈಗೆ ಬೇರೆ. ತೇಗದ ಪುಡಿ ಕೆಲವರಿಗೆ ಕತ್ತು, ಮೊಣಕೈಯ ಒಳಬದಿ ತುರಿಸುವ ಹಾಗೆ ಮಾಡುತ್ತದೆ, ಬೀಟೆಯೂ ಹಾಗೆ. ಕಾಫಿ ತೋಟದ ಸಿಲ್ವರ್ ಓಕನ್ನು ಅಗ್ಗ ಎಂದು ತರುತ್ತೀಯ, ಅದಕ್ಕೂ ಚರ್ಮ ಕೆಂಪಾಗುವವರಿದ್ದಾರೆ. ಬೇವು ಕೊಯ್ದರೆ ಗಂಟಲು ಕಹಿ. ಎಲ್ಲಕ್ಕಿಂತ ಕೆಟ್ಟದ್ದು ಎಂಡಿಎಫ್. ಅದು ಮೊದಲೇ ಹಿಟ್ಟಾದ ಮರ, ಫಾರ್ಮಾಲ್ಡಿಹೈಡಿನ ಅಂಟಿನಲ್ಲಿ ಒತ್ತಿದ್ದು. ಬ್ಲೇಡ್ ಇಟ್ಟರೆ ಹೊಟ್ಟು ಬೀಳುವುದಿಲ್ಲ, ಮೈದಾ ಹಾರುತ್ತದೆ. ಬೇಕೇ ಬೇಕಾದರೆ ಅಂಗಡಿಯಲ್ಲೇ ಅಳತೆ ಕೊಟ್ಟು ಕೊಯ್ಸಿಕೊಂಡು ಬಾ.

ಈಗ ಕೆಲಸಕ್ಕೆ ಬರೋಣ. ಧೂಳು ಹುಟ್ಟುವ ಜಾಗದಲ್ಲೇ ಅದನ್ನು ಹಿಡಿಯಬೇಕು, ಮೂಗಿನ ಹತ್ತಿರ ಬಂದ ಮೇಲಲ್ಲ. ನಿನ್ನಲ್ಲಿ ಅತಿ ನಯವಾದ ಧೂಳು ಹುಟ್ಟುವುದು ಸ್ಯಾಂಡರಿನಲ್ಲಿ, ಅಲ್ಲಿಂದಲೇ ಶುರು ಮಾಡು. ಅದಕ್ಕೆ ಕೊಟ್ಟಿರುವ ಬಟ್ಟೆ ಚೀಲ ದಪ್ಪದ್ದನ್ನು ಇಟ್ಟುಕೊಂಡು ಸಣ್ಣದನ್ನು ಆಚೆ ಬಿಡುತ್ತದೆ. ಅದನ್ನು ಕಿತ್ತು ವ್ಯಾಕ್ಯೂಮ್ ಕ್ಲೀನರಿನ ಹೋಸ್ ಹಾಕು. ಹಸಿ-ಒಣ ಎರಡನ್ನೂ ಎಳೆಯುವ, 20-30 ಲೀಟರಿನ ಡ್ರಮ್ಮಿನ ವ್ಯಾಕ್ಯೂಮ್ ಸಾಕು. ಹಾಕಲು ಹೋದಾಗ ಗೊತ್ತಾಗುತ್ತದೆ, ಸ್ಯಾಂಡರಿನ ಮೂತಿ ಒಂದಳತೆ, ಹೋಸಿನ ಬಾಯಿ ಇನ್ನೊಂದಳತೆ. ಎರಡು ಕಂಪನಿಯವರಿಗೆ ಜನ್ಮದಲ್ಲಿ ಜಾತಕ ಕೂಡುವುದಿಲ್ಲ. ಆನ್‌ಲೈನಿನಲ್ಲಿ ಅಡಾಪ್ಟರ್ ಹುಡುಕುತ್ತಾ ಕೂರಬೇಡ. ಬೀದಿ ಕೊನೆಯ ಸೈಕಲ್ ಶಾಪಿಗೆ ಹೋಗಿ ಒಂದು ಹಳೇ ಟ್ಯೂಬ್ ಕೇಳು, ಸುಮ್ಮನೇ ಕೊಡುತ್ತಾನೆ. ನಾಲ್ಕು ಬೆರಳು ಉದ್ದ ಕತ್ತರಿಸಿ ಒಂದು ತುದಿ ಮೂತಿಗೆ, ಇನ್ನೊಂದು ಹೋಸಿಗೆ ಏರಿಸಿ ಎರಡೂ ಕಡೆ ಹೋಸ್ ಕ್ಲಿಪ್ ಬಿಗಿ. ಸೈಕಲ್ಲಿನದು ಸಾಲದಿದ್ದರೆ ಸ್ಕೂಟರಿನದು. ರಬ್ಬರ್ ಆದ್ದರಿಂದ ಸ್ಯಾಂಡರಿನ ನಡುಕಕ್ಕೆ ಬಿಟ್ಟುಕೊಳ್ಳುವುದೂ ಇಲ್ಲ, ಕೈಗೆ ಎಳೆದಂತೆಯೂ ಆಗುವುದಿಲ್ಲ. ಸೆಳೆತ ಜಾಸ್ತಿಯಾಗಿ ಸ್ಯಾಂಡರ್ ಹಲಗೆಗೆ ಕಚ್ಚಿಕೊಂಡು ಕುಣಿದರೆ ಟ್ಯೂಬಿನಲ್ಲಿ ಕಿರುಬೆರಳು ಹೋಗುವಷ್ಟು ತೂತು ಕೊಯ್ದು, ಇನ್ನೊಂದು ಟ್ಯೂಬಿನ ಪಟ್ಟಿಯಿಂದ ಬೇಕಾದಷ್ಟು ಮುಚ್ಚಿ ಹದ ಮಾಡಿಕೋ. ಪೇಪರಿನ ತೂತುಗಳು ಪ್ಯಾಡಿನ ತೂತುಗಳಿಗೆ ಸರಿಯಾಗಿ ಕೂತಿವೆಯೇ ಎಂದು ಪ್ರತಿ ಸಲ ನೋಡು. ನಿನ್ನ ಫೋಟೊದಲ್ಲಿ ಎಂಟಕ್ಕೆ ಎಂಟೂ ಮುಚ್ಚಿದ್ದವು.

ವ್ಯಾಕ್ಯೂಮಿನ ಫಿಲ್ಟರ್ ಈ ಹಿಟ್ಟಿಗೆ ಹತ್ತೇ ನಿಮಿಷದಲ್ಲಿ ಕಟ್ಟುತ್ತದೆ, ಸೆಳೆತ ಅರ್ಧಕ್ಕಿಳಿಯುತ್ತದೆ, ನಿನಗೆ ತಿಳಿಯುವುದೂ ಇಲ್ಲ. ಅದಕ್ಕೆ ನಡುವೆ ಒಂದು ಸೈಕ್ಲೋನ್ ಇಡು. ಆಲಿಕೆಯ ಆಕಾರದ ಪ್ಲಾಸ್ಟಿಕ್ಕು, 20 ಲೀಟರಿನ ಪೇಂಟ್ ಬಕೆಟ್ಟಿನ ಮುಚ್ಚಳದ ಮೇಲೆ ಕೂರುತ್ತದೆ. ಗಾಳಿ ಅದರೊಳಗೆ ಸುತ್ತು ಹೊಡೆಯುವಾಗ ಭಾರದ ಕಣಗಳು ಗೋಡೆಗೆ ಸರಿದು ಬಕೆಟ್ಟಿಗೆ ಜಾರುತ್ತವೆ, ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಪಾಲು ಅಲ್ಲೇ ನಿಲ್ಲುತ್ತದೆ. ಆದರೆ ಮುಚ್ಚಳದಲ್ಲಿ ಒಂದು ಕೂದಲೆಳೆಯಷ್ಟು ಗಾಳಿ ಸೋರಿದರೂ ಬಿದ್ದದ್ದೆಲ್ಲ ಮತ್ತೆ ಎದ್ದು ಫಿಲ್ಟರಿಗೆ ಹೋಗುತ್ತದೆ. ಬಕೆಟ್ ಖಾಲಿಯಿದ್ದು ಶೆಡ್ಡು ಚೊಕ್ಕಟವಾಗಿರುವಾಗ, ಹೊಸದರಲ್ಲೇ, ಒಂದು ಊದುಬತ್ತಿ ಹಚ್ಚಿ ಕೀಲುಗಳ ಸುತ್ತ ಹಿಡಿ. ಹೊಗೆ ಎಲ್ಲಿ ಒಳಗೆ ಬಾಗುತ್ತದೋ ಅಲ್ಲಿ ಸೋರಿಕೆ. ಹಾಗೆಯೇ ಎರಡು ಬಕೆಟ್ ಒಂದರೊಳಗೊಂದು ಇಡು. ಒಂದೇ ಇಟ್ಟಿದ್ದಾಗ ನನ್ನ ಹೋಸಿನ ಬಾಯಿಗೆ ಒಂದು ಪ್ಲಾಸ್ಟಿಕ್ ಕವರ್ ಅಂಟಿಕೊಂಡಿತು, ಬಕೆಟ್ಟು ಢಬ್ ಎಂದು ಒಳಕ್ಕೆ ಕುಗ್ಗಿತು. ಪಕ್ಕದ ಮನೆಯ ನಾಯಿ ಅರ್ಧ ಗಂಟೆ ಬೊಗಳಿತು. ಮುಕ್ಕಾಲು ತುಂಬುವ ಮೊದಲೇ ಖಾಲಿ ಮಾಡುವುದನ್ನೂ ಮರೆಯಬೇಡ.

ವ್ಯಾಕ್ಯೂಮ್ ಪಿಚಕಾರಿಯ ಹಾಗೆ, ಸಣ್ಣ ಕೊಳವೆಯಲ್ಲಿ ಜೋರು. ಗರಗಸಕ್ಕೂ ಮುಂದೊಂದು ದಿನ ಬರುವ ಪ್ಲೇನರಿಗೂ ಅದು ಸಾಲದು. ಅಲ್ಲಿ ಹೊಳೆ ಬೇಕು, ದೊಡ್ಡ ಕೊಳವೆಯಲ್ಲಿ ಬಹಳ ಗಾಳಿ. ಅದಕ್ಕೇ ಡಸ್ಟ್ ಕಲೆಕ್ಟರ್ ಬೇರೆ. ಕೊಳ್ಳುವಾಗ ಡಬ್ಬದ ಮೇಲಿನ ಸಂಖ್ಯೆ ನಂಬಬೇಡ, ಅದು ಪೈಪೇ ಇಲ್ಲದೆ ಅಳೆದದ್ದು. ಮರದ ಹೊಟ್ಟು ಕೊಳವೆಯಲ್ಲಿ ಕೂರದೆ ಸಾಗಬೇಕಾದರೆ ಗಾಳಿ ಸೆಕೆಂಡಿಗೆ ಸುಮಾರು 20 ಮೀಟರ್ ಓಡಬೇಕು. ನಾಲ್ಕಿಂಚಿನ ಪೈಪಿನಲ್ಲಿ ಆ ವೇಗ ಬಂದರೆ ಗಂಟೆಗೆ ಸುಮಾರು 565 ಘನ ಮೀಟರ್, ಅಂಗಡಿಯವರ ಭಾಷೆಯಲ್ಲಿ 330 ಸಿಎಫ್‌ಎಂ. ಒಂದು ಸಮಯಕ್ಕೆ ಒಂದೇ ಮಷಿನ್ ಓಡಿಸುವ ನಿನಗೆ ಇದನ್ನು ನಿಜವಾಗಿ ಕೊಡುವ ಯಂತ್ರ ಸಾಕು. ಅದು ಎರಡು ಎಚ್‌ಪಿಯದೇ ಇರಲಿ. ಮತ್ತೆ ಅದನ್ನೂ ಗರಗಸವನ್ನೂ ಒಂದೇ ಪ್ಲಗ್ಗಿನ ಲೈನಿಗೆ ಹಾಕಿದರೆ ಎಂಸಿಬಿ ಬೀಳುತ್ತಲೇ ಇರುತ್ತದೆ, ಎಲೆಕ್ಟ್ರಿಶಿಯನ್ ಕರೆಸಿ ಬೇರೆ ಲೈನ್ ಎಳೆಸು.

ಪೈಪಿಗೆ ಬಚ್ಚಲ ನೀರಿಗೆ ಹಾಕುವ 110 ಮಿಲಿಮೀಟರಿನ ಪಿವಿಸಿಯೇ ಒಳ್ಳೆಯದು. ಸುಕ್ಕು ಸುಕ್ಕಾದ ಹೋಸ್ ಮಷಿನಿನ ಹತ್ತಿರ ಮೂರಡಿ ಇದ್ದರೆ ಸಾಕು, ಅದು ನೇರ ಪೈಪಿಗಿಂತ ಎರಡು-ಮೂರು ಪಟ್ಟು ಗಾಳಿಯನ್ನು ತಡೆಯುತ್ತದೆ. ಮೂಲೆಯಲ್ಲಿ ಒಂದು ಎಲ್ಬೋ ಹಾಕುವ ಬದಲು ಅರ್ಧ ತಿರುವಿನವು ಎರಡು ಹಾಕು. ಕವಲಿಗೆ ಟೀ ಬೇಡ, ವೈ ಹಾಕು, ಅದರ ಬಾಲ ಗಾಳಿ ಹೋಗುವ ಕಡೆಗೇ ಇರಲಿ. ಪ್ಲಂಬರ್ ಕೈಗೆ ಕೊಟ್ಟರೆ ಸಾಲ್ವೆಂಟ್ ಬಳಿದು ಅಂಟಿಸಿಬಿಡುತ್ತಾನೆ, ಬಿಡಬೇಡ. ಸುಮ್ಮನೆ ತುರುಕಿ ಮೇಲೆ ಅಲ್ಯೂಮಿನಿಯಂ ಟೇಪ್ ಸುತ್ತು. ಒಂದಲ್ಲ ಒಂದು ದಿನ ಯಾವುದೋ ಮರದ ಚೂರು ಅಡ್ಡ ಸಿಕ್ಕಿ ಬಿಚ್ಚಬೇಕಾಗುತ್ತದೆ.

ಗರಗಸದ ವಿಷಯ. ಪ್ಲೈವುಡ್ ಹಲಗೆಯ ಅಡಿಗೆ ಕಟಿಂಗ್ ಮಷಿನ್ನನ್ನು ತಲೆಕೆಳಗು ಬಿಗಿದಿದ್ದೀಯ. ಊರಿನ ಅರ್ಧ ಬಡಗಿಗಳು ಮಾಡುವುದು ಹಾಗೆಯೇ, ಗಾರ್ಡಿಲ್ಲದ ಆ ಬ್ಲೇಡಿನ ಬಗ್ಗೆ ಬಯ್ಯುವುದು ಇನ್ನೊಂದು ದಿನಕ್ಕಿರಲಿ. ಅಡಿಯಲ್ಲಿ ನಾಲ್ಕೂ ಕಡೆ ಬಯಲು, ಹೊಟ್ಟೆಲ್ಲ ನಿನ್ನ ಮೊಣಕಾಲಿಗೆ. ಬ್ಲೇಡಿನ ಕಡೆಗೆ ಪ್ಲೈವುಡ್ಡಿನ ಒಂದು ಪೆಟ್ಟಿಗೆ ಮಾಡಿ ತಳವನ್ನು ಇಳಿಜಾರಾಗಿ ಕೂರಿಸು, ತಗ್ಗಿನ ತುದಿಯಲ್ಲಿ ಪೈಪು. ಮೋಟರನ್ನು ಒಳಗೆ ಸೇರಿಸಿ ಮುಚ್ಚಬೇಡ, ಅದಕ್ಕೂ ಉಸಿರು ಬೇಕು, ಕಾದು ಸುಟ್ಟುಹೋಗುತ್ತದೆ. ಪೆಟ್ಟಿಗೆಯನ್ನೂ ಪೂರ್ತಿ ಬಿಗಿ ಮಾಡಬೇಡ, ಪೈಪಿನ ಎದುರು ಬದಿಗೆ ಎರಡು ಬೆರಳು ಸಂದು ಬಿಡು. ಗಾಳಿ ಒಳಗೆ ಬರಲು ದಾರಿಯೇ ಇಲ್ಲದಿದ್ದರೆ ಹೊರಗೆ ಎಳೆಯುವುದಾದರೂ ಏನನ್ನು? ಹಲಗೆಯ ಮೇಲಕ್ಕೆ ಹಾರುವ ಪುಡಿಗೆ ಅಕ್ರಿಲಿಕ್ಕಿನ ಗಾರ್ಡ್ ಮಾಡಿ ವ್ಯಾಕ್ಯೂಮಿನ ಹೋಸನ್ನು ಅದಕ್ಕೆ ಸಿಕ್ಕಿಸು. ಆ ನೆವದಲ್ಲಾದರೂ ಒಂದು ಗಾರ್ಡ್ ಬರಲಿ.

ಅಗ್ಗದ ಕಲೆಕ್ಟರಿನ ಬಟ್ಟೆ ಚೀಲ ಅನೇಕ ಸಲ ಧೂಳು ಹಿಡಿಯುವುದಿಲ್ಲ, ಹಂಚುತ್ತದೆ. ದಪ್ಪದ್ದು ಕೆಳಗಿನ ಚೀಲಕ್ಕೆ ಬಿದ್ದು ಸಣ್ಣದು ಮೇಲಿನ ಚೀಲದಿಂದ ಜಿನುಗಿ ನಿನ್ನ ತಲೆಯ ಮೇಲೆಯೇ ಬರುತ್ತದೆ. ಚಳಿ ದೇಶದವರು ಇದಕ್ಕೆ ದುಬಾರಿ ಫಿಲ್ಟರ್ ಹಾಕಿಕೊಳ್ಳುತ್ತಾರೆ, ದುಡ್ಡು ಕೊಟ್ಟು ಬೆಚ್ಚಗೆ ಮಾಡಿದ ಗಾಳಿಯನ್ನು ಹೊರಗೆ ಬಿಡಲು ಅವರಿಗೆ ಆಗುವುದಿಲ್ಲ. ಮೈಸೂರಿನಲ್ಲಿರುವ ನಿನಗೆ ಆ ಕಷ್ಟ ಯಾಕೆ? ಕಲೆಕ್ಟರನ್ನೇ ಹಿಂದಿನ ಓಣಿಯಲ್ಲಿ ಒಂದು ತಗಡಿನ ಮಾಡು ಹಾಕಿ ಇಡು, ಗೋಡೆಯಲ್ಲಿ ಪೈಪಿಗೊಂದು ತೂತು. ಶೆಡ್ಡಿನ ಎದುರು ಬಾಗಿಲು ತೆರೆದಿರಲಿ, ಅಡುಗೆಮನೆಯ ಬಾಗಿಲು ಮುಚ್ಚಿರಲಿ. ಕಾಂಪೌಂಡಿನಾಚೆ ಪಕ್ಕದ ಮನೆಯವರು ಸಂಡಿಗೆ ಒಣಗಿಸುತ್ತಾರೋ ನೋಡಿಕೋ. ಅವರ ಕಡೆಗೇ ಗಾಳಿ ಬಿಡುವುದಾದರೆ ಫಿಲ್ಟರಿಗೂ ಖರ್ಚು ಮಾಡು, ಒಂದು ಮೈಕ್ರಾನ್ ಹಿಡಿಯುವಂಥದ್ದಕ್ಕೆ.

ಪಿವಿಸಿ ಪೈಪಿನಲ್ಲಿ ಸ್ಟ್ಯಾಟಿಕ್ ಹುಟ್ಟಿ ಶೆಡ್ಡೇ ಸಿಡಿಯುತ್ತದೆ ಎಂದು ಯಾರೋ ಹೇಳಿದರಂತೆ. ಪೈಪು ಮುಟ್ಟಿದಾಗ ಚುರ್ ಎನ್ನುವುದುಂಟು. ಆದರೆ ಅದಕ್ಕಿಂತ ನಾನು ಹೆದರುವುದು ಮೊಳೆಗೆ. ಹಳೇ ಮನೆಯ ತೇಗದ ತೊಲೆ ಕೊಯ್ಯುತ್ತಿದ್ದೆ, ಒಳಗೊಂದು ಮೊಳೆ ಇತ್ತು. ಬ್ಲೇಡಿಗೆ ಸಿಕ್ಕಿತು, ಕಿಡಿ ಹಾರಿತು, ಎರಡು ಹಲ್ಲು ಹೋದವೆಂದು ಬೈದುಕೊಂಡು ಅಂದಿನ ಕೆಲಸ ನಿಲ್ಲಿಸಿದೆ. ಕಿಡಿ ಎಲ್ಲಿ ಹೋಯಿತು ಎಂದು ಯೋಚಿಸಲಿಲ್ಲ. ರಾತ್ರಿ ಊಟಕ್ಕೆ ಕೂತಿದ್ದಾಗ ನಿನ್ನತ್ತೆ "ಏನೋ ಸುಟ್ಟ ವಾಸನೆ ಬರ್ತಿದೆಯಲ್ರೀ" ಅಂದಳು. ನಾನು "ಏನಿಲ್ಲ, ಬಡಿಸು" ಅಂದೆ. ನನ್ನ ಮೂಗಿಗೆ ಏನಿದ್ದರೆ ತಾನೆ. ಅವಳು ಕೇಳದೆ ಟಾರ್ಚ್ ಹಿಡಿದು ಹಿಂದಿನ ಬಾಗಿಲು ತೆಗೆದಳು. ಹೊಟ್ಟಿನ ಚೀಲ ಬುಡದಿಂದ ಕೆಂಡವಾಗಿ, ಉರಿಯಿಲ್ಲದೆ, ನಾಲ್ಕು ಗಂಟೆಯಿಂದ ಹಾಗೇ ಕುದಿಯುತ್ತಿತ್ತು. ಇನ್ನರ್ಧ ಗಂಟೆ ತಡವಾಗಿದ್ದರೆ ಮಾಡಿಗೆ ಹಿಡಿಯುತ್ತಿತ್ತು. ಹಳೇ ಮರ ತಂದರೆ ಮೊದಲು ಅಯಸ್ಕಾಂತ ಆಡಿಸಿ ಮೊಳೆ ಹುಡುಕು. ದಿನದ ಹೊಟ್ಟನ್ನು ಆ ದಿನವೇ ಮುಚ್ಚಳವಿರುವ ಕಬ್ಬಿಣದ ಡಬ್ಬಕ್ಕೆ ಹಾಕಿ ಮನೆಯಿಂದ ದೂರ ಇಡು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡ, ಅದು ಕಿಡಿಯಿಲ್ಲದೆ ತಾನೇ ಕಾದು ಹೊತ್ತಿಕೊಳ್ಳುತ್ತದೆ. ಹಗ್ಗದ ಮೇಲೆ ಬಿಡಿಸಿ ಹರವು. ಶೆಡ್ಡಿನಲ್ಲಿ ಗ್ರೈಂಡರ್ ಹಿಡಿದು ಕಬ್ಬಿಣ ತಿಕ್ಕುವುದಂತೂ ಬೇಡವೇ ಬೇಡ.

ಇಷ್ಟೆಲ್ಲ ಮಾಡಿದ ಮೇಲೂ ಸ್ಯಾಂಡಿಂಗಿಗೆ ಎನ್95 ಹಾಕಿಕೋ. ಟವೆಲ್ ಸುತ್ತಿದರೆ ದಪ್ಪದ್ದು ನಿಲ್ಲುತ್ತದೆ, ನಿಲ್ಲಬೇಕಾದದ್ದು ನಿಲ್ಲುವುದಿಲ್ಲ. ನಿನ್ನ ಆ ಹೊಸ ಗಡ್ಡ ಇರುವವರೆಗೆ ಮಾಸ್ಕಿನ ಅಂಚು ಕೂರುವುದಿಲ್ಲ, ಗಡ್ಡವೋ ಮಾಸ್ಕೋ ನೀನೇ ತೀರ್ಮಾನಿಸು. ಥಿನ್ನರ್, ಪಾಲಿಶಿನ ಆವಿಯನ್ನು ಎನ್95 ತಡೆಯುವುದಿಲ್ಲ, ಅದಕ್ಕೆ ಕಾರ್ಟ್ರಿಜ್ ಹಾಕುವ ಬೇರೆ ಮಾಸ್ಕ್. ಕೆಲಸದ ಅಂಗಿ ಶೆಡ್ಡಿನಲ್ಲೇ ನೇತಾಡಲಿ, ಅದನ್ನು ಹಾಕಿಕೊಂಡು ಪುಟ್ಟಿಯನ್ನು ಎತ್ತಿಕೊಳ್ಳಬೇಡ. ಗುಡಿಸಲೇಬೇಕಾದರೆ ಒಂದು ಹಿಡಿ ಹೊಟ್ಟನ್ನು ನೀರಲ್ಲಿ ಒದ್ದೆ ಮಾಡಿ ನೆಲಕ್ಕೆ ಎರಚಿ ಗುಡಿಸು, ಅಜ್ಜ ಮಾಡುತ್ತಿದ್ದ ಉಪಾಯ.

ಸರಿಯಾಯಿತೋ ಇಲ್ಲವೋ ತಿಳಿಯಲು ರಾತ್ರಿ ಕೆಲಸ ನಿಲ್ಲಿಸಿ ಹತ್ತು ನಿಮಿಷದ ಮೇಲೆ ದೀಪ ಆರಿಸಿ ಟಾರ್ಚ್ ಬಿಡು. ಗಾಜಿನ ಹೆಂಚಿನ ಕೋಲು ನಿನ್ನ ಶೆಡ್ಡಿನಲ್ಲೂ ಕಾಣುತ್ತದೆ. ಅತಿ ಸಣ್ಣದು ಅದಕ್ಕೂ ಕಾಣದು, ಅದಕ್ಕೆ ಗಾಳಿ ಅಳೆಯುವ ಸಣ್ಣ ಮೀಟರ್ ಒಂದು ತಗೋ. ಪಿಎಂ 2.5 ಎನ್ನುವ ಅತಿ ಸಣ್ಣ ಧೂಳಿಗೆ ನಮ್ಮ ದೇಶದ ದಿನದ ಮಿತಿ ಘನ ಮೀಟರಿಗೆ 60 ಮೈಕ್ರೊಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 15. ಸಂಖ್ಯೆ ಎಷ್ಟಕ್ಕೆ ಏರಿತು ಎಂದು ತಲೆ ಕೆಡಿಸಿಕೊಳ್ಳಬೇಡ, ಕೆಲಸ ನಿಂತ ಮೇಲೆ ಮೊದಲಿನ ಜಾಗಕ್ಕೆ ಇಳಿಯಲು ಎಷ್ಟು ಹೊತ್ತಾಯಿತು ಎಂದು ಬರೆದಿಡು.

ಇನ್ನೊಂದು, ಇದು ನನ್ನ ಪಕ್ಷಪಾತ ಅನ್ನು. ಅಜ್ಜನ ಹತ್ತರಿಯ ಅಲಗು ಮಸೆಯುವುದನ್ನು ಕಲಿ. ಚೆನ್ನಾಗಿ ಮಸೆದ ಹತ್ತರಿ ಬಿಟ್ಟ ಹಲಗೆಗೆ ಸ್ಯಾಂಡರ್ ಬೇಕಾಗುವುದು ಕಡಿಮೆ, ಹುಟ್ಟದ ಧೂಳಿಗೆ ಮಷಿನ್ ಯಾಕೆ. ಚನ್ನಪಟ್ಟಣದವರು ಅರಗು ಬಳಿದ ಗೊಂಬೆಗೆ ಕಡೆಯ ಹೊಳಪು ಕೊಡುವುದೂ ಹಾಗೆಯೇ ಧೂಳೆಬ್ಬಿಸದೆ, ಒಣ ತಾಳೆಗರಿಯಲ್ಲಿ ಉಜ್ಜಿ.

ನಾಳೆ ಬಸ್ಸಿನಲ್ಲಿ ಒಂದು ಪಾರ್ಸೆಲ್ ಕಳಿಸುತ್ತಿದ್ದೇನೆ. ಅಟ್ಟದಲ್ಲಿ ಉಳಿದಿದ್ದ ನಾಲ್ಕು ಮರದ ತುಂಡು, ಒಂದೊಂದಕ್ಕೂ ನಂಬರ್ ಹಾಕಿದ್ದೇನೆ. ಬಣ್ಣ, ತೂಕ ನೋಡಿ ಒಂದು ತೇಗ, ಎರಡು ಹೊನ್ನೆ, ನಾಲ್ಕು ಮತ್ತಿ ಎಂದು ಬರೆದೆ. ಮೂರನೆಯದು ಹಲಸೋ ಹೆಬ್ಬಲಸೋ, ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದರೂ ನನಗೆ ಗೊತ್ತಾಗಲಿಲ್ಲ. ಒಂದು ಸಲ ಹತ್ತರಿ ಹೊಡೆದು, ಹೊಸ ಮೈ ತೆರೆದಾಗ ಮೂಸಿ ನೋಡಿ ಫೋನ್ ಮಾಡು.